ಕೇಕಿನ ಸಾಮಾನು ಮತ್ತು ಒಂದು ಹಸಿರು ದಾರ

ಬಸವಕಲ್ಯಾಣದ ಬೇಕರಿ ಸಾಮಾನಿನ ಅಂಗಡಿಯಲ್ಲಿ, ಕೌಂಟರಿನ ಹಿಂದೆ ನಾನು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಸುನೀತಾ ಎಂಬ ಹುಡುಗಿ ನಿಲ್ಲುತ್ತಾಳೆ. ಚುರುಕಾಗಿದ್ದಾಳೆ, ಕಂಪ್ಯೂಟರಿನಲ್ಲಿ ಬಿಲ್ಲು ಮಾಡುತ್ತಾಳೆ, ಗಿರಾಕಿಗಳ ಜೊತೆ ನಗುನಗುತ್ತ ಮಾತಾಡುತ್ತಾಳೆ. ಆದರೆ ಕೇಕು ಮಾಡುವುದನ್ನು ಹೊಸದಾಗಿ ಕಲಿಯುವವರು ಬಂದು, ತಮಗೆ ಏನೇನು ಬೇಕಾಗುತ್ತದೆ ಎಂದು ಕೇಳಿದರೆ ಅವಳಿಗೆ ಕೈಕಾಲೇ ಆಡುವುದಿಲ್ಲವಂತೆ. ಹೋದ ತಿಂಗಳು ಮನೆಗೇ ಬಂದಳು.

"ಕಾಶಿ ಕಾಕಾ, ನೀವು ಗಿರಾಕಿ ಮಾರಿ ನೋಡಿ ಸಾಮಾನು ತಗದು ಕೊಡ್ತಿದ್ರಂತ. ಅದನ್ನ ಒಂದು ಹಾಳ್ಯಾಗ ಬರದು ಕೊಡ್ರಿ. ಗ್ವಾಡಿಗಿ ಹಚ್ಚಿ ಇಟ್ಕೋತೀನಿ."

ಒಂದು ಹಾಳೆ ಸಾಕೆಂದು ನಾನೂ ಅಂದುಕೊಂಡೆ. ಸಾಮಾನಿನ ಹೆಸರು ಏಳೋ ಎಂಟೋ ಅಷ್ಟೇ. ಬರೆಯಲು ಕೂತಾಗ ಗೊತ್ತಾಯಿತು, ಒಂದೊಂದು ಹೆಸರಿನ ಹಿಂದೆಯೂ ನಾನು ಮಾಡಿದ ಒಂದು ಗಡಬಡ ಇದೆ. ಅದನ್ನು ಬಿಟ್ಟು ಬರೀ ಹೆಸರು ಬರೆದರೆ ಸುನೀತಾ ಅದೇ ಗಡಬಡವನ್ನು ಹೊಸದಾಗಿ ಮಾಡುತ್ತಾಳೆ. ಅದಕ್ಕೆ ಎಲ್ಲವನ್ನೂ ಬರೆದಿದ್ದೇನೆ. ಗೋಡೆ ಸಾಲದಿದ್ದರೆ ಅದು ನನ್ನ ತಪ್ಪಲ್ಲ.

ನಾನು ಈ ಕಸುಬಿಗೆ ಬಿದ್ದದ್ದು ಹುಮನಾಬಾದಿನಲ್ಲಿ. ರಾಜೇಶ್ವರದಿಂದ ಕೆಲಸ ಹುಡುಕಿಕೊಂಡು ಹೋದವನು ಹೆದ್ದಾರಿ ಪಕ್ಕದ ಒಂದು ಬೇಕರಿಯ ಮುಂದೆ ಬಸ್ಸಿಳಿದೆ. ಭಟ್ಟಿಯಿಂದ ಬರುತ್ತಿದ್ದ ವಾಸನೆ ನನ್ನನ್ನು ಒಳಗೆ ಎಳೆದುಕೊಂಡಿತು, ಹತ್ತೊಂಬತ್ತು ವರ್ಷ ಹೊರಗೆ ಬಿಡಲಿಲ್ಲ. ಅಲ್ಲಿನ ಉಸ್ತಾದರು ಗಫೂರ್ ಸಾಬರು. ಎತ್ತರದ ಆಳು, ಹುಬ್ಬಿನ ಮೇಲೂ ಮೈದಾ ಹಿಟ್ಟು. ಬೈಯುವಾಗ ದಖನಿ ಉರ್ದು, ಕಲಿಸುವಾಗ ಕನ್ನಡ. ಹೀಗಾಗಿ ಮೊದಲ ಎರಡು ವರ್ಷ ನಾನು ದಖನಿಯನ್ನೇ ಹೆಚ್ಚು ಕಲಿತೆ.

ಆಗ ಅಲ್ಲಿ ಉಷ್ಣಮಾಪಕ ಇರಲಿಲ್ಲ. ಉಸ್ತಾದರು ಚಿಟಿಕೆ ಹಿಟ್ಟನ್ನು ಭಟ್ಟಿಯೊಳಗೆ ಎರಚಿ ಬೆರಳು ಮಡಿಸುತ್ತ ಎಣಿಸುತ್ತಿದ್ದರು. ಹತ್ತು ಎಣಿಸುವಷ್ಟರಲ್ಲಿ ಹಿಟ್ಟು ಕೆಂಪಾದರೆ ಬ್ರೆಡ್ಡಿಗೆ ಸರಿ, ಇಪ್ಪತ್ತಕ್ಕೆ ಕೆಂಪಾದರೆ ಕೇಕಿಗೆ ಸರಿ. ಇದನ್ನು ಕಂಡು ಮರುಳಾಗಿ ನಾನೂ ಎಲ್ಲವನ್ನೂ ಅಂದಾಜಿನ ಮೇಲೆ ಮಾಡಲು ಹೊರಟೆ. ಉಸ್ತಾದರು ಮದುವೆಗೆ ಹೋಗಿದ್ದ ದಿನ ಚಹಾದ ಗ್ಲಾಸಿನಿಂದಲೇ ಹಿಟ್ಟು, ಸಕ್ಕರೆ ಅಳೆದು ಕೇಕು ಹಾಕಿದೆ. ಹಿಟ್ಟಿಗೆ ಹಿಡಿದದ್ದು ಒಂದು ಗ್ಲಾಸು, ಸಕ್ಕರೆಗೆ ಹಿಡಿದದ್ದು ಇನ್ನೊಂದು. ಎರಡೂ ಒಂದೇ ಅಳತೆಯವಲ್ಲ ಎಂಬುದು ಕೇಕಿನ ಹೊಟ್ಟೆ ಒಳಗೆ ಕುಸಿದ ಮೇಲೆ ತಿಳಿಯಿತು. ಉಸ್ತಾದರು ಬಂದವರೇ ಆ ಕೇಕಿನ ಕುಳಿಯಲ್ಲಿ, ಸಾಸರಿಗೆ ಸುರಿದಂತೆ ಚಹಾ ಸುರಿದು, "ಬಶಿ ಬರಾಬರ್ ಆಗ್ಯದ, ಕುಡಿ" ಎಂದರು. ಬೈಗುಳವಾಗಿದ್ದರೆ ಮರೆತುಬಿಡುತ್ತಿದ್ದೆ.

ಸುನೀತಾ, ಇದು ಹಾಳೆಯ ಮೊದಲ ಸಾಲು. ಗ್ರಾಂ ತೋರಿಸುವ ಸಣ್ಣ ತಕ್ಕಡಿ. ಹೊಸಬರಿಗೆ ಮಿಕ್ಕಿದ್ದೆಲ್ಲ ತಡವಾಗಿ ಸಿಕ್ಕರೂ ನಡೆಯುತ್ತದೆ, ಇದು ಮಾತ್ರ ಮೊದಲ ದಿನವೇ ಬೇಕು. ಎರಡನೆಯದು ಕರೆಂಟಿನ ಒಲೆಯೊಳಗೆ, ಅಂದರೆ ಓವನ್ನಿನೊಳಗೆ ಇಡುವ ಉಷ್ಣಮಾಪಕ. ಒಲೆಯ ಗುಂಡಿ ನೂರೆಂಬತ್ತು ತೋರಿಸಿದರೆ ಒಳಗೂ ನೂರೆಂಬತ್ತೇ ಇರಬೇಕೆಂದು ಯಾವ ಕಾನೂನೂ ಇಲ್ಲ. ಹಿಟ್ಟು ಎರಚಿ ನೋಡಲು ಎಲ್ಲರೂ ಗಫೂರ್ ಸಾಬರಲ್ಲ.

ಹೂವು ಬಿಡಿಸುವುದನ್ನು ಅವರು ಕಲಿಸಿದ ರೀತಿಯನ್ನೂ ಹೇಳಬೇಕು. ಆಗ ನಮ್ಮ ಕೈಯಲ್ಲಿ ಇದ್ದದ್ದು ಬೆಣ್ಣೆ ಕಾಗದದ ಸುರುಳಿ ಮತ್ತು ಕತ್ತರಿ. ತುದಿ ನೇರ ಕತ್ತರಿಸಿದರೆ ಗೆರೆ ಬರುತ್ತದೆ, ಓರೆಯಾಗಿ ಕತ್ತರಿಸಿದರೆ ಎಲೆ. ಡಾಲ್ಡಾ ಮತ್ತು ಸಕ್ಕರೆ ಪುಡಿ ಕಲಸಿ, ಬೋರಲು ಹಾಕಿದ ಸ್ಟೀಲ್ ತಟ್ಟೆಯ ಬೆನ್ನ ಮೇಲೆ ಹೂವು ಬಿಡಿಸಬೇಕು, ಕೆರೆದು ತೆಗೆಯಬೇಕು, ಮತ್ತೆ ಬಿಡಿಸಬೇಕು. ಆರು ತಿಂಗಳು ಅದೇ ಡಾಲ್ಡಾ. ಕಡೆಗೆ ಅದು ನನ್ನ ಗುರುತು ಹಿಡಿಯುತ್ತಿತ್ತು ಎಂದೇ ನನಗೆ ಅನುಮಾನ.

ಆ ಬೇಕರಿಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ನಮ್ಮ ಕಡೆ ಮೊಟ್ಟೆ ಮುಟ್ಟದ ಮನೆಗಳು ಬಹಳ. ಅಂಥವರಿಗೆ ಮೊಟ್ಟೆಯಿಲ್ಲದ ಕೇಕು ಮಾಡಿದರೆ ಸಾಲದು, ಮೊಟ್ಟೆ ಕಡೆದ ಬೋಗುಣಿಯಲ್ಲಿ, ಮೊಟ್ಟೆ ಕಂಡ ಚಮಚದಲ್ಲಿ ಕಲಸಿದ್ದನ್ನು ಅವರು ಬಾಯಿಗೆ ಹಾಕುವುದಿಲ್ಲ. ಉಸ್ತಾದರು ಮೊಟ್ಟೆ ತಿನ್ನುವವರೇ. ಆದರೂ ಭಟ್ಟಿಯ ಬಲಗಡೆಯ ಗೂಡಿನಲ್ಲಿ ಒಂದು ಜೊತೆ ಪಾತ್ರೆಯನ್ನು ಬೇರೆಯಾಗಿ ಇಟ್ಟಿದ್ದರು. ಬೋಗುಣಿಯ ಕಿವಿಗೆ, ಚಮಚದ ಹಿಡಿಗೆ, ಕಡೆಯುವ ತಂತಿಗೆ, ಎಲ್ಲಕ್ಕೂ ಹಸಿರು ದಾರ.

ಒಂದು ದಿನ ಅವಸರದಲ್ಲಿ ದಾರವಿಲ್ಲದ ಚಮಚವನ್ನು ದಾರದ ಬೋಗುಣಿಗೆ ಅದ್ದಿಬಿಟ್ಟೆ. ತಕ್ಷಣ ತೆಗೆದೆ. ಉಸ್ತಾದರು ತಲೆಯೆತ್ತಿ ನೋಡಿದರು, ಬೋಗುಣಿಯಲ್ಲಿದ್ದ ಅಷ್ಟೂ ಹಿಟ್ಟನ್ನು ಮೊಟ್ಟೆ ಕೇಕಿನ ಬೋಗುಣಿಗೆ ಸುರಿದರು.

"ಉಸ್ತಾದ್, ಯಾರೂ ನೋಡಿಲ್ರಿ" ಎಂದೆ.

"ನೀ ನೋಡಿದಿಲ್ಲೋ ಬೇಟಾ? ಅವರು ಭಟ್ಟಿ ಒಳಗ ಬಂದು ನೋಡಂಗಿಲ್ಲ. ನೋಡದೇ ತಿಂತಾರ. ಅದಕ್ಕ ನಾವು ನೋಡಬೇಕು."

ಹೊಸ ಬೋಗುಣಿ, ಹೊಸ ಚಮಚ, ಹೊಸ ದಾರ. ಮತ್ತೆ ಮೊದಲಿನಿಂದ ಕಲಸಿದೆವು. ಅಂದು ಆ ಮಾತು ನನಗೆ ಅರ್ಥವಾಯಿತೆಂದೇ ತಿಳಿದಿದ್ದೆ. ಅರ್ಧ ಮಾತ್ರ ಆಗಿತ್ತು.

ಉಸ್ತಾದರು ತೀರಿಕೊಂಡ ಮೇಲೆ ನನಗೆ ಆ ಭಟ್ಟಿಯ ಮುಂದೆ ನಿಲ್ಲಲು ಮನಸ್ಸಾಗಲಿಲ್ಲ. ಬಸವಕಲ್ಯಾಣದ ಮಾಣಿಕ ಸೇಠರು ಬೇಕರಿಗಳಿಗೆ ಸಾಮಾನು ಹಾಕುತ್ತಿದ್ದರು, ಅವರ ಅಂಗಡಿಗೆ ಸೇರಿದೆ. ಸೇಠರು ಒಳ್ಳೆಯ ಮನುಷ್ಯ, ಊಟದ ಹೊತ್ತಿಗೆ ಎದುರು ಕೂರಿಸಿಕೊಂಡು ಬಡಿಸುತ್ತಿದ್ದರು. ಆದರೆ ಮಾರುವ ವಿಷಯದಲ್ಲಿ ನಮ್ಮಿಬ್ಬರಿಗೂ ದಿನಾ ಜಗಳ. ಮನೆಯಲ್ಲೇ ಕೇಕು ಮಾಡುವ ಹೆಣ್ಣುಮಕ್ಕಳು ಫೋನಿನಲ್ಲಿ ವಿಡಿಯೋ ನೋಡಿ ಬರತೊಡಗಿದ್ದರು. ಸೇಠರು ಹೈದರಾಬಾದಿನಿಂದ ಐವತ್ತೆರಡು ನಾಜಲಿನ ಪೆಟ್ಟಿಗೆ ತರಿಸಿದರು. ನಾಜಲ್ ಎಂದರೆ ಕೆನೆ ಹಿಂಡುವ ಚೀಲದ ತುದಿಗೆ ಸಿಕ್ಕಿಸುವ ಮೂತಿ. ನಕ್ಷತ್ರದ್ದು, ಎಲೆಯದ್ದು, ಬುಟ್ಟಿ ಹೆಣೆಯುವುದು, ಹೀಗೆ ಐವತ್ತೆರಡು.

"ಸೇಠಜಿ, ಕಲಿಯವರಿಗಿ ಎರಡ ಸಾಕ್ರಿ. ಒಂದು ನಕ್ಷತ್ರದ್ದು, ಒಂದು ಸಾದಾ ಗುಂಡಂದು."

"ಕಾಶಿನಾಥ, ನೀ ನನ್ನ ಅಂಗಡ್ಯಾಗ ಕೆಲಸ ಮಾಡಾಕತ್ತೀಯೋ, ಗಿರಾಕಿ ಮನ್ಯಾಗ ಮಾಡಾಕತ್ತೀಯೋ?"

ನಾನು ಗಿರಾಕಿಗೆ ಎರಡನ್ನೇ ಕೊಡುತ್ತಿದ್ದೆ. ಆ ಎರಡರಲ್ಲಿ ಕೈ ಪಳಗಿದವಳು ಆರು ತಿಂಗಳಲ್ಲಿ ತಾನೇ ಬಂದು ಮೂರನೆಯದನ್ನು ಕೇಳುತ್ತಾಳೆ. ಪೆಟ್ಟಿಗೆ ಒಯ್ದವಳು ಮತ್ತೆ ಬರುವುದಿಲ್ಲ, ಕುಣಿಯಲಾರದವಳು ನೆಲ ಡೊಂಕು ಎಂದಂತೆ ನಾಜಲೇ ಸರಿಯಿಲ್ಲ ಎನ್ನುತ್ತಾಳೆ. ಸೇಠರಿಗೆ ಇದು ಗೊತ್ತಾಗಲು ಎರಡು ದೀಪಾವಳಿ ಹಿಡಿಯಿತು.

ಇಷ್ಟೆಲ್ಲ ಜಾಣನಾದ ನಾನೇ ಹಳ್ಳಿಖೇಡದ ಒಬ್ಬ ಟೀಚರಿಗೆ ಕೇಕು ಬೇಯಿಸುವ ಹತ್ತಿಂಚಿನ ತಟ್ಟೆ ಕೊಟ್ಟು ಕಳಿಸಿದೆ. ಅವರ ಒಲೆ ಎಷ್ಟು ದೊಡ್ಡದೆಂದು ಕೇಳಲಿಲ್ಲ. ವಾರದ ಮೇಲೆ ಅವರು ತಟ್ಟೆಯನ್ನು ಕೌಂಟರಿನ ಮೇಲೆ ಮೆಲ್ಲಗೆ ಇಟ್ಟರು.

"ತಟ್ಟಿ ಒಳಗ ಹೋಯ್ತ್ರಿ, ಬಾಗಿಲು ಮುಚ್ಚಲಿಲ್ಲ. ಮುಕ್ಕಾಲು ತಾಸು ನಮ್ಮನಿಯವರು ಟಾವೆಲ್ ಹಿಡಕೊಂಡು ಬಾಗಿಲಿಗಿ ಆನಿಕೊಂಡು ನಿಂತಿದ್ರು. ಕೇಕು ಹಸೀ ಉಳೀತು, ಅವರು ಬೆಂದ್ರು."

ಕ್ಷಮೆ ಕೇಳಿ ಏಳಿಂಚಿನದನ್ನು ಕೊಟ್ಟೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಒಲೆ ಇದ್ದಷ್ಟು ತಟ್ಟೆ. ಸುತ್ತಲೂ ಎರಡೆರಡು ಬೆರಳು ಜಾಗ ಉಳಿಯಬೇಕು, ಇಲ್ಲದಿದ್ದರೆ ಬಿಸಿಗಾಳಿ ತಿರುಗುವುದಿಲ್ಲ. ಅಂದಿನಿಂದ ನಾನು ಒಂದು ಪದ್ಧತಿ ಮಾಡಿದೆ. ಕೇಕಿನ ತಟ್ಟೆ ಬೇಕೆಂದವರು ಒಲೆಯ ಒಳಗಿನ ಅಗಲಕ್ಕೆ, ಎತ್ತರಕ್ಕೆ ದಾರ ಹಿಡಿದು ಗಂಟು ಹಾಕಿಕೊಂಡು ಬರಬೇಕು. ಬಾಯಲ್ಲಿ ಇಷ್ಟಿಂಚು ಎಂದರೆ ನಂಬುತ್ತಿರಲಿಲ್ಲ. ಯಾರು ಬಂದರೂ ನನ್ನ ಮೊದಲ ಮಾತು, "ದಾರ ತಂದೀರೇನ್ರಿ?" ಜನ ತಂದದ್ದನ್ನು ನೋಡಬೇಕಿತ್ತು. ಹೂವಿನ ನಾರು, ಪೈಜಾಮದ ಲಾಡಿ, ಒಬ್ಬರಂತೂ ಕಬ್ಬಿನ ಟ್ರ್ಯಾಕ್ಟರಿಗೆ ಬಿಗಿಯುವ ಹಗ್ಗವನ್ನೇ ತಂದಿದ್ದರು. ಊರಲ್ಲಿ ನನಗೆ ದಾರದ ಕಾಕಾ ಎಂಬ ಹೆಸರೂ ಬಿತ್ತು, ನನಗೇನೂ ಬೇಜಾರಿರಲಿಲ್ಲ.

ಈಗ ಸುವರ್ಣಾಳ ವಿಷಯ. ಇದನ್ನು ಬರೆಯಲಿಕ್ಕೇ ಮಿಕ್ಕಿದ್ದನ್ನೆಲ್ಲ ಬರೆದೆನೋ ಏನೋ.

ಸುವರ್ಣಾ ಮುಡಬಿಯ ಸೊಸೆ. ಗಂಡ ಆಟೋ ಓಡಿಸುತ್ತಾನೆ. ಕೇಕು ಮಾಡಿ ಮಾರಬೇಕೆಂಬುದು ಅವಳ ಆಸೆ, ತವರಿನಲ್ಲಿ ಕಲಿತೂ ಇದ್ದಳು. ಅತ್ತೆ ಗುರಮ್ಮನವರು ಕೊರಳಲ್ಲಿ ಲಿಂಗ ಕಟ್ಟಿದವರು, ಪೂಜೆಯಾಗದೆ ನೀರು ಮುಟ್ಟುವವರಲ್ಲ. ಕೇಕು ಎಂದರೆ ಮೊಟ್ಟೆ ಎಂದೇ ಅವರ ಲೆಕ್ಕ. ಎರಡು ವರ್ಷ ಗೋಗರೆದ ಮೇಲೆ ಒಂದು ಅವಕಾಶ ಕೊಟ್ಟಿದ್ದರು. ಮಗಳ ಮಗನ ಮೊದಲ ಹುಟ್ಟುಹಬ್ಬ ಬರುವ ಭಾನುವಾರ. ಬೀಗರು, ನೆಂಟರು ಎಲ್ಲ ಬರುತ್ತಾರೆ. ಅಂದು ಸೊಸೆ ಕೇಕು ಮಾಡಲಿ. ಮನೆಯ ಮಡಿಗೆ ಕುಂದು ಬರದಿದ್ದರೆ ಮುಂದೆಯೂ ಮಾಡಲಿ, ಬಂದರೆ ಸಾಮಾನೆಲ್ಲ ಅಂದೇ ಅಂಗಡಿಗೆ ವಾಪಸ್ಸು.

"ಕಾಕಾ, ಇದೊಂದ ಸಲ ಬರಾಬರ್ ಆಗಬೇಕ್ರಿ. ಇನ್ನೊಂದು ಸಲ ಅತ್ತಿ ಹೂಂ ಅನ್ನಂಗಿಲ್ಲ" ಎಂದಳು. ಕೇಳದೆಯೇ ದಾರವನ್ನೂ ತೆಗೆದು ಕೊಟ್ಟಳು.

ಬಹಳ ಪ್ರೀತಿಯಿಂದ ಸಾಮಾನು ಆರಿಸಿದೆ. ತಕ್ಕಡಿ, ಉಷ್ಣಮಾಪಕ, ಆರಿಂಚಿನ ಮತ್ತು ಎಂಟಿಂಚಿನ ತಟ್ಟೆ, ಹಿಟ್ಟು ಸವರಿ ತೆಗೆಯುವ ರಬ್ಬರ್ ಚಮಚ, ಕೆನೆ ಬಳಿಯುವ ಚಪ್ಪಟೆ ಚಾಕು, ಬಳಿಯುವಾಗ ಕೇಕನ್ನು ತಿರುಗಿಸಲು ತಿರುಗುಮಣೆ, ಎರಡು ನಾಜಲು. ಕೆನೆ ಕಡೆಯುವ ಕರೆಂಟಿನ ಬೀಟರ್ ಮಾತ್ರ ಮುಗಿದಿತ್ತು, ಹೊಸ ಮಾಲು ಬರಲು ಎಂಟು ದಿನ. ಅವಳ ಮುಖ ಸಣ್ಣದಾಯಿತು. ನಾನು ಗಾಜಿನ ಕಪಾಟಿನಲ್ಲಿದ್ದ, ಗಿರಾಕಿಗಳಿಗೆ ನಡೆಸಿ ತೋರಿಸುವ ಬೀಟರನ್ನು ತೆಗೆದು, ಒರೆಸಿ, ಡಬ್ಬಿಗೆ ಹಾಕಿ ಕೊಟ್ಟೆ. "ಗಿರಾಕಿಗಳಿಗಿ ನಡಸಿ ತೋರ್ಸಿದ್ದದ, ಅಷ್ಟ. ಹೊಸಾದಂಗ ಅದ" ಎಂದೆ. ಅವಳು ಸಂತೋಷದಿಂದ ಹೋದಳು. ನನಗೂ ಆ ದಿನವೆಲ್ಲ ಸಂತೋಷ.

ಭಾನುವಾರ ಬೆಳಿಗ್ಗೆ ಅಂಗಡಿಯ ಮುಂದೆ ಎಂದಿನಂತೆ ಮೇಜು ಹಾಕಿದೆ. ಭಾನುವಾರ ಜನಕ್ಕೆ ಕೇಕು ಮಾಡಿ ತೋರಿಸುವುದು ಸೇಠರ ಏರ್ಪಾಡು. ಮೊಟ್ಟೆಯ ಟ್ರೇ ಹಿಡಿದು ಬೀಟರ್ ಹುಡುಕಿದೆ, ಇಲ್ಲ. ಎಲ್ಲಿದೆಯೆಂದು ನೆನಪಾಯಿತು. ಟ್ರೇ ಹಿಡಿದುಕೊಂಡೇ ನಿಂತುಬಿಟ್ಟೆ. ಪ್ರತಿ ಭಾನುವಾರ ಅದೇ ಬೀಟರಿನಿಂದ ನಾನೇ ಈ ಕೈಯಾರೆ ಮೊಟ್ಟೆ ಕಡೆದಿದ್ದೆ.

ಸೇಠರಿಗೆ ಹೇಳಿದೆ. "ತೊಳದು ಕೊಟ್ಟೀಯಿಲ್ಲ? ಬಿಡು. ಯಾರಿಗಿ ಗೊತ್ತಾಗ್ತದ?" ಎಂದರು. ಸುವರ್ಣಾಳ ಗಂಡನಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಸುಮ್ಮನಿದ್ದುಬಿಡೋಣ ಎಂದು ನನಗೂ ಅನಿಸಿತು, ಸುಳ್ಳು ಯಾಕೆ ಹೇಳಲಿ. ಹೋಗಿ ಹೇಳಿದರೆ ಆ ಹುಡುಗಿಯ ಆಸೆಗೆ ನಾನೇ ಮಣ್ಣು ಹಾಕಿದಂತೆ. ಹೇಳದಿದ್ದರೆ ಎಲ್ಲರೂ ನಗುನಗುತ್ತ ತಿನ್ನುತ್ತಾರೆ, ಯಾರಿಗೂ ಏನೂ ಆಗುವುದಿಲ್ಲ. ನೋಡದೆ ತಿನ್ನುತ್ತಾರೆ. ಅಷ್ಟು ಯೋಚನೆ ಬಂದದ್ದೇ ತಡ, ಕೈಯಿಂದಲೇ ಕಡೆಯುವ ಹೊಸ ತಂತಿಯ ಒಂದು ಪೊಟ್ಟಣ ತೆಗೆದುಕೊಂಡು ಮುಡಬಿಯ ಬಸ್ಸು ಹತ್ತಿದೆ.

ಮನೆಯ ಮುಂದೆ ಪೆಂಡಾಲು ಹಾಕುತ್ತಿದ್ದರು. ಅಡುಗೆಮನೆಯಲ್ಲಿ ಕೇಕು ತಿರುಗುಮಣೆಯ ಮೇಲೆ ಆರಲು ಕೂತಿತ್ತು, ಚೆನ್ನಾಗಿ ಉಬ್ಬಿತ್ತು. ಅದನ್ನು ಸುವರ್ಣಾ ಮೊಸರು ಹಾಕಿ, ರಬ್ಬರ್ ಚಮಚದಿಂದಲೇ ಕಲಸಿದ್ದಳು, ಬೀಟರ್ ಮುಟ್ಟಿಸಿರಲಿಲ್ಲ. ಆದರೆ ಅರ್ಧ ಪ್ಯಾಕೆಟ್ ಕೆನೆಯನ್ನು ಆಗಲೇ ಕಡೆದಿದ್ದಳು. ಬೋಗುಣಿಯಲ್ಲಿ ಅದು ಬೆಳ್ಳಗೆ ನಿಂತಿತ್ತು. ನನ್ನನ್ನು ನೋಡಿ, "ಅತ್ತಿ, ದಾರದ ಕಾಕಾ ಬಂದಾರ್ರಿ" ಎಂದು ಕುಣಿಯುವವಳ ಹಾಗೆ ಒಳಗೆ ಹೋದಳು. ಗುರಮ್ಮನವರು ಹೊರಗೆ ಬಂದು ಚಾಪೆ ಹಾಸಿದರು, ನೀರು ಕೊಟ್ಟರು. ನಾನು ಚಾಪೆಯ ಮೇಲೆ ಕೂರಲಿಲ್ಲ.

"ಅವ್ವಾರ, ತಪ್ಪು ನಂದ್ರಿ. ನಿಮ್ಮ ಸೊಸಿಗಿ ಇದು ಗೊತ್ತಿಲ್ಲ. ನಾ ಕೊಟ್ಟ ಮಷೀನದಾಗ ತತ್ತಿ ಕಡದಿದ್ದೆ. ಮರತು ಕೊಟ್ಟೀನಿ."

ಸುವರ್ಣಾ ಬಾಗಿಲಲ್ಲೇ ಕೂತುಬಿಟ್ಟಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ. ಗುರಮ್ಮನವರು ಸೊಸೆಯನ್ನು ನೋಡಿ ನನ್ನ ಕಡೆ ತಿರುಗಿದರು.

"ನೀವು ಹೇಳಲಿಲ್ಲಂದ್ರ ನಮಗ ತಿಳೀತಿತ್ತೇನ್ರಿ?"

"ಇಲ್ರಿ."

"ಮತ್ತ ಯಾಕ ಬಂದ್ರಿ?"

ನಾನು ಗಫೂರ್ ಸಾಬರ ವಿಷಯ ಹೇಳಿದೆ. ಬಲಗಡೆಯ ಗೂಡು, ಹಸಿರು ದಾರ, ಸುರಿದ ಹಿಟ್ಟು, ಎಲ್ಲವನ್ನೂ. ಯಾಕೆ ಅಷ್ಟೆಲ್ಲ ಹೇಳಿದೆನೋ, ಹೆದರಿದವನಿಗೆ ಮಾತು ಜಾಸ್ತಿ. ಕಡೆಗೆ ಚೀಲದಿಂದ ಹೊಸ ತಂತಿಯ ಪೊಟ್ಟಣವನ್ನು ತೆಗೆದು ಮುಂದೆ ಇಟ್ಟೆ. ಅವರು ಅದನ್ನು ನೋಡಿದರು.

"ಇದೂ ನಿಮ್ಮ ಅಂಗಡೀದ ಏನು?"

"ಹೌದ್ರಿ."

"ಹಂಗಾದ್ರ ಚೀಲದಾಗ ಇಟ್ಕೋರಿ" ಎಂದವರೇ ಎದ್ದು ಒಳಗೆ ಹೋದರು. ಸಾಮಾನು ಕಟ್ಟಿಸಲು ಹೋದರೆಂದೇ ನಾವಿಬ್ಬರೂ ತಿಳಿದೆವು. ಅವರು ತಂದದ್ದು ಮಜ್ಜಿಗೆಯ ಕಡೆಗೋಲು. ಕೈ ಹಿಡಿದು ಹಿಡಿದು ನುಣ್ಣಗಾದ ಕಟ್ಟಿಗೆ, ಜೊತೆಗೆ ಹಗ್ಗ.

"ಇದು ನನ್ನ ತವರಿನದು. ಹಾಲು ಮೊಸರು ಬಿಟ್ಟು ಬ್ಯಾರೇದ್ದರ ಮಾರಿ ನೋಡಿಲ್ಲ. ಏಳವ್ವಾ ಸುವರ್ಣಾ, ಕೂತ್ರ ಕೇಕು ಆಗಂಗಿಲ್ಲ. ಆ ಬೋಗುಣಿ ಹೊರಗ ಒಯ್ದು ಸುರಿ. ಉಳದ ಕೆನಿ ತಗೊಂಡು ಬಾ. ಹೊಸಾ ಗಡಗಿ ಮ್ಯಾಲಿನ ಗೂಡಿನ್ಯಾಗ ಅದ."

ನಲವತ್ತು ವರ್ಷ ಕೆನೆ ಕಡೆದವನು ನಾನು, ಕಡೆಗೋಲಿನಲ್ಲಿ ಕೇಕಿನ ಕೆನೆ ಆಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ತಣ್ಣಗಿರಬೇಕು ಎಂದಷ್ಟೇ ಹೇಳಿದೆ. ಪರಾತದಲ್ಲಿ ಐಸು ಹಾಕಿ ಅದರ ಮೇಲೆ ಗಡಿಗೆ ಕೂರಿಸಿದರು. ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ. ಅತ್ತೆ ಎಳೆದಾಗ ಸೊಸೆ ಬಿಡಬೇಕು, ಸೊಸೆ ಎಳೆದಾಗ ಅತ್ತೆ ಬಿಡಬೇಕು. ಮೊದಮೊದಲು ಇಬ್ಬರೂ ಎಳೆದರು. ಆಮೇಲೆ ಲಯ ಸಿಕ್ಕಿತು, ಗುರಮ್ಮನವರು ಸಣ್ಣಗೆ ಜೋಗುಳದ ಧಾಟಿಯಲ್ಲಿ ಗುನುಗತೊಡಗಿದರು. ನೆಂಟರ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತರು. ಅರ್ಧ ತಾಸಿಗೆ ಕೆನೆ ಕಡೆಗೋಲಿಗೆ ಅಂಟಿಕೊಂಡು ಮೇಲೆದ್ದಿತು. ಬೀಟರಿನಷ್ಟು ಗಟ್ಟಿಯಲ್ಲ, ಆದರೂ ನಿಂತಿತು. ನನಗೆ ಕಣ್ಣಲ್ಲಿ ನೀರು ಬಂತು, ಐಸಿನ ಹತ್ತಿರ ಕೂತಿದ್ದಕ್ಕೆ ಎಂದು ಹೇಳಿಕೊಂಡೆ.

ಗುಲಾಬಿ ಬಿಡಿಸುವಷ್ಟು ಬಿಗಿ ಇರಲಿಲ್ಲ. ಸುವರ್ಣಾ ಸುತ್ತಲೂ ತೆಳ್ಳಗೆ ಬಳಿದು, ನಕ್ಷತ್ರದ ನಾಜಲಿನಿಂದ ಅಂಚಿಗೆ ಮಾತ್ರ ಹೂವು ಇಟ್ಟಳು. ಐವತ್ತೆರಡರಲ್ಲಿ ಬಳಸಿದ್ದು ಒಂದೇ ಒಂದು, ಇದನ್ನು ಸೇಠರಿಗೆ ಹೋಗಿ ಹೇಳಲೇಬೇಕೆಂದುಕೊಂಡೆ. ಸಂಜೆ ಕೂಸು ಚಾಕು ಬಿಟ್ಟು ಕೈಯನ್ನೇ ಕೇಕಿನೊಳಗೆ ಇಟ್ಟಿತು. ಒಬ್ಬ ಬೀಗರು ತಟ್ಟೆ ಹಿಡಿದು ಅನುಮಾನಿಸುತ್ತ, "ಗುರಮ್ಮಾರ, ಇದರಾಗ ಏನೂ ಇಲ್ಲಲ್ರಿ?" ಎಂದು ಕೇಳಿದರು.

"ಕೆನಿ ನಾ ಕಡದೀನಿ. ನನ್ನ ಕೈ ನೋಡಬೇಕಂದ್ರ ನೋಡ್ರಿ" ಎಂದು ಗುರಮ್ಮನವರು ಹಗ್ಗ ಎಳೆದು ಕೆಂಪಾದ ಅಂಗೈ ತೋರಿಸಿದರು. ಬೀಗರು ಎರಡು ಸಲ ಹಾಕಿಸಿಕೊಂಡರು. ನನಗೂ ಒಂದು ತುಂಡು ಕೊಟ್ಟರು. ಮೊಸರಿನ ಹುಳಿ ಒಂದಿಷ್ಟು ಹೆಚ್ಚಾಗಿತ್ತು, ಅದಕ್ಕಿಂತ ರುಚಿಯಾದ ಕೇಕನ್ನು ನಾನು ತಿಂದಿಲ್ಲ. ಹೊರಡುವಾಗ ಗುರಮ್ಮನವರು ಆ ಬೀಟರನ್ನು ಮಾತ್ರ ನನ್ನ ಕೈಗೆ ವಾಪಸ್ಸು ಕೊಟ್ಟರು. ಉಳಿದ ಸಾಮಾನು ಮನೆಯಲ್ಲೇ ಉಳಿಯಿತು.

ಆಮೇಲೆ ಮುಡಬಿಯಿಂದ ಸುವರ್ಣಾ ಕೇಕು ಕಳಿಸುವ ಊರುಗಳು ಹೆಚ್ಚುತ್ತ ಹೋದವು, ಗಂಡನ ಆಟೋದ ಹಿಂದಿನ ಸೀಟು ಕೇಕಿಗೇ ಮೀಸಲಾಯಿತು. ಒಂದು ವರ್ಷದವರೆಗೆ ಆ ಮನೆಯಲ್ಲಿ ಕೆನೆ ಕಡೆದದ್ದು ಕಡೆಗೋಲಿನಲ್ಲೇ ಎಂದು ಕೇಳಿದ್ದೆ.

ನಾನು ಕೆಲಸ ಬಿಡುವುದಕ್ಕೆ ಹದಿನೈದು ದಿನ ಮೊದಲು ಗುರಮ್ಮನವರು ಅಂಗಡಿಗೆ ಬಂದರು, ಒಬ್ಬರೇ. ದೊಡ್ಡ ಒಲೆ ತಂದಿದ್ದಾರಂತೆ, ಅದಕ್ಕೆ ತಟ್ಟೆ ಬೇಕು. ಅಭ್ಯಾಸದ ಬಾಯಿ ಸುಮ್ಮನಿರುತ್ತದೆಯೇ, "ದಾರ ತಂದೀರೇನ್ರಿ?" ಎಂದು ಕೇಳಿಯೇಬಿಟ್ಟೆ. ಅವರು ಸೆರಗಿನ ಗಂಟು ಬಿಚ್ಚಿ ದಾರ ತೆಗೆದರು. ಎರಡು ಗಂಟು, ಒಂದು ಅಗಲಕ್ಕೆ, ಒಂದು ಎತ್ತರಕ್ಕೆ. ಹಸಿರು ದಾರ. ನಾನು ಅಳತೆ ನೋಡಿ ತಟ್ಟೆ ಆರಿಸಿದೆ.

"ಆ ಮಷೀನನೂ ಒಂದು ಕೊಡ್ರಿ. ರಟ್ಟಿ ಸೋತಾವ" ಎಂದರು.

ಕಟ್ಟು ಒಡೆಯದ ಡಬ್ಬಿ ತಂದು, ಅವರ ಕಣ್ಣ ಮುಂದೆಯೇ ಒಡೆಯಲು ಕತ್ತರಿ ಎತ್ತಿಕೊಂಡೆ. ಅವರು ಕೈ ಅಡ್ಡ ಹಿಡಿದರು.

"ಹೊಸಾದ ಅದನೋ ಇಲ್ಲೋ, ನೀವು ಹೇಳ್ರಿ ಸಾಕು."

"ಹೊಸಾದ ಅದರಿ, ಅವ್ವಾರ."

ಅವರು ಡಬ್ಬಿಯನ್ನು ಬಗಲಲ್ಲಿ ಇಟ್ಟುಕೊಂಡು, ಕೌಂಟರಿನ ಮೇಲಿದ್ದ ಹಸಿರು ದಾರವನ್ನು ಬೆರಳಿಗೆ ಸುತ್ತಿಕೊಂಡರು.

"ಇದು ಮನಿಗಿ ಹೋಗಿ ಮಷೀನಿಗಿ ನಾನ ಕಟ್ಟತೀನಿ" ಎಂದು ಮುಡಬಿಯ ಬಸ್ಸಿಗೆ ನಡೆದರು.